ಧೂಳು ಕೂತರೆ ಕೂರಲಿ, ಒರೆಸಲು ಹೋಗಬೇಡಿ

ಆಯುಧ ಪೂಜೆಯ ಮರುದಿನ ನಾನು ನನ್ನ ಕ್ಯಾಮೆರಾ ರಿಪೇರಿ ಅಂಗಡಿಗೆ ಸ್ವಲ್ಪ ಬೇಗ ಹೋಗುತ್ತೇನೆ. ಹೋಗಲೇಬೇಕು. ಬಾಗಿಲು ತೆಗೆಯುವ ಮೊದಲೇ ಇಬ್ಬರು ಮೂವರು ಕಾಯುತ್ತಿರುತ್ತಾರೆ. ಎಲ್ಲರ ಕೈಯಲ್ಲೂ ಕ್ಯಾಮೆರಾ, ಎಲ್ಲ ಕ್ಯಾಮೆರಾಗಳ ಹಣೆಯ ಮೇಲೂ ವಿಭೂತಿ, ಕುಂಕುಮ. ಒಬ್ಬರು ಲೆನ್ಸಿನ ಗಾಜಿಗೇ ಮೂರು ಬೆರಳು ಎಳೆದಿದ್ದರು. ಇನ್ನೊಬ್ಬರು ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂ ತುಂಬ ಅರಿಶಿನ ಹಾಕಿ, ಮೇಲೊಂದು ಚೆಂಡು ಹೂವು ಇಟ್ಟಿದ್ದರು. ಹೂವು ಬಾಡಬಾರದು ಅಂತ ನೀರು ಬೇರೆ ಚಿಮುಕಿಸಿದ್ದರು. ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಆದರೆ ಅನ್ನ ಕೊಡುವ ವಸ್ತುವಿಗೆ ಕೈ ಮುಗಿಯುವವರನ್ನು ಬೈಯಲು ಬಾಯಿ ಬರುವುದಿಲ್ಲ. ಪೂಜೆ ಬ್ಯಾಗಿಗೆ ಮಾಡಿ, ಇಲ್ಲವೇ ಟ್ರೈಪಾಡಿಗೆ ಮಾಡಿ ಅಂತ ಹೇಳಿ ಕಳಿಸುತ್ತೇನೆ. ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಜ ಹೇಳಬೇಕೆಂದರೆ ಕುಂಕುಮ ಹಚ್ಚಿ ಹಾಗೇ ತಂದವರ ಕ್ಯಾಮೆರಾ ಬಹಳ ಸಲ ಉಳಿಯುತ್ತದೆ. ಹಚ್ಚಿ, ಮನೆಯಲ್ಲೇ ಚೊಕ್ಕ ಮಾಡಿಕೊಂಡು ಬಂದವರದ್ದು ಕೆಟ್ಟಿರುತ್ತದೆ. ಸಿರುಗುಪ್ಪ ಕಡೆಯ ಹುಡುಗನೊಬ್ಬ, ಮದುವೆ ಫೋಟೋ ತೆಗೆಯುವವನು, ಒಂದು ಲೆನ್ಸ್ ತಂದಿದ್ದ. "ಲೈಟ್ ಎದುರಿಗೆ ಬಂದ್ರೆ ಫೋಟೋ ಎಲ್ಲಾ ಹಾಲು ಸುರಿದಂಗ ಆಗ್ತದ ಸಾರ್" ಅಂದ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಗಾಜಿನ ಮೇಲೆ ಸುತ್ತು ಸುತ್ತು ಗೀರು, ಹಳೇ ಗ್ರಾಮಾಫೋನ್ ಪ್ಲೇಟಿನ ಹಾಗೆ. ಏನು ಮಾಡಿದೆಯಪ್ಪಾ ಅಂತ ಕೇಳಿದೆ.

"ಏನೂ ಮಾಡಿಲ್ಲ ಸಾರ್, ಬರೇ ಒರಸೀನಿ."

ಯಾವುದರಲ್ಲಿ?

"ಟವೆಲ್ಲಿನಾಗ. ತೊಳೆದ ಟವೆಲ್ ಸಾರ್!"

ಈ ರಿಪೇರಿ ಮೇಜಿನ ಮುಂದೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೂತಿದ್ದೇನೆ. "ಬರೇ ಒರಸೀನಿ" ಅನ್ನುವ ಮಾತು ಕೇಳಿದಷ್ಟು ಬೇರೆ ಯಾವ ಮಾತನ್ನೂ ಕೇಳಿಲ್ಲ. ಕೆಳಗೆ ಬಿದ್ದ ಕ್ಯಾಮೆರಾ ತರುವವರು ತಪ್ಪು ಒಪ್ಪಿಕೊಂಡೇ ಬರುತ್ತಾರೆ. ಒರೆಸಿದವರಿಗೆ ತಪ್ಪು ಮಾಡಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ. ಟವೆಲ್ ತೊಳೆದದ್ದೇ ಇರಬಹುದು. ಗೀರು ಹಾಕಿದ್ದು ಟವೆಲ್ ಅಲ್ಲ, ಟವೆಲ್ಲಿಗೂ ಗಾಜಿಗೂ ನಡುವೆ ಸಿಕ್ಕಿಕೊಂಡ ಕಣ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಷ್ಟು ಹೇಳಿದರೂ ಜನ ಅರ್ಧ ಕೇಳಿ ಹೋಗುತ್ತಾರೆ.

ನಮ್ಮ ಸೀಮೆಯ ಧೂಳು ಎಲ್ಲ ಊರಿನ ಧೂಳಿನಂತಲ್ಲ. ಬ್ಯಾಗಿನ ಜಿಪ್ ನೋಡಿದರೆ ಗಿರಾಕಿ ಎಲ್ಲಿಂದ ಬಂದ ಅಂತ ಹೆಚ್ಚುಕಮ್ಮಿ ಹೇಳಿಬಿಡಬಹುದು. ಕೆಂಪು ಪುಡಿ ಇದ್ದರೆ ಸಂಡೂರು, ತೋರಣಗಲ್ಲು ಕಡೆ. ಬೂದು ಬಣ್ಣದ್ದಾದರೆ ರಾಯಚೂರಿನ ಶಕ್ತಿನಗರ. ಕಪ್ಪು ಎರೆ ಮಣ್ಣಾದರೆ ಸಿರುಗುಪ್ಪ ಇಲ್ಲವೇ ಸಿಂಧನೂರು. ಗಂಗಾವತಿಯವರ ಕ್ಯಾಮೆರಾದಲ್ಲಿ ರೈಸ್ ಮಿಲ್ಲಿನ ಹೊಟ್ಟಿನ ಪುಡಿ ಇರುತ್ತದೆ. ಮೆತ್ತಗಿದೆ ಅಂತ ಮೋಸ ಹೋಗಬೇಡಿ, ಭತ್ತದ ಹೊಟ್ಟಿನಲ್ಲೂ ಸಿಲಿಕಾ ಇದೆ.

ಕೆಂಪು ಪುಡಿ ಅಂದರೆ ಹೆಮಟೈಟ್, ಕಬ್ಬಿಣದ ಅದಿರು. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಮಾಮೂಲಿ ಗಾಜು ಸುಮಾರು 5.5. ಹೆಮಟೈಟ್ 5.5ರಿಂದ 6.5. ಅದರ ಜೊತೆ ಬೆರೆತಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಜ್, 7. ಗಡಸು ವಸ್ತು ಮೆದು ವಸ್ತುವನ್ನು ಗೀರುತ್ತದೆ, ಅಷ್ಟೇ ಲೆಕ್ಕ. ಇನ್ನು ಲೆನ್ಸಿನ ಮೇಲೆ ನೇರಳೆ, ಹಸಿರು ಹೊಳಪು ಕಾಣುತ್ತದಲ್ಲ, ಅದು ಕೋಟಿಂಗ್. ಅದರ ಒಂದೊಂದು ಪದರ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ದಪ್ಪ ಇರುತ್ತದೆ. ಎದುರು ಬೆಳಕು ಗಾಜಿಗೆ ಬಡಿದು ಚೆಲ್ಲಾಡದಂತೆ ತಡೆಯುವುದು ಅದೇ. ಅದು ಸವೆದರೆ ಸಿರುಗುಪ್ಪದ ಹುಡುಗನ ಹಾಲು ಸುರಿದ ಫೋಟೋ. ಮತ್ತೆ ಹಾಕಿಸಲು ಬರುತ್ತದಾ ಅಂತ ಕೇಳುತ್ತಾರೆ. ನನ್ನ ಅಂಗಡಿಯಲ್ಲಂತೂ ಬರುವುದಿಲ್ಲ. ಮುಂದಿನ ಗಾಜನ್ನೇ ಬದಲಾಯಿಸಬೇಕು, ಸಿಕ್ಕರೆ.

ಇನ್ನೊಂದು ತಮಾಷೆ ಇದೆ. ಗಾಜಿಗೆ ಪಾಲಿಶ್ ಹಾಕಲು ಹಿಂದೆ ಬಳಸುತ್ತಿದ್ದ ಕೆಂಪು ಪುಡಿ, ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ರೂಜ್, ಅದೂ ಕಬ್ಬಿಣದ ಆಕ್ಸೈಡೇ. ಅಂದರೆ ಲೆನ್ಸ್ ತಯಾರಿಸುವವರು ಗಾಜು ಸವೆಸಲು ಬಳಸುತ್ತಿದ್ದ ವಸ್ತುವಿನ ಒರಟು ರೂಪ ನಮ್ಮ ರಸ್ತೆಯಲ್ಲೇ ಬಿದ್ದಿದೆ! ಅಲ್ಲಿ ಅದನ್ನು ಒಂದೇ ಅಳತೆಗೆ ನುಣ್ಣಗೆ ಮಾಡಿರುತ್ತಾರೆ. ಇಲ್ಲಿ ಲಾರಿ ಚಕ್ರ ಅರೆದದ್ದು, ದೊಡ್ಡದು ಸಣ್ಣದು ಎಲ್ಲ ಸೇರಿರುತ್ತದೆ. ನೀವು ಅದನ್ನು ಟವೆಲ್ಲಿನಲ್ಲಿ ಹಿಡಿದು ಸುತ್ತು ಸುತ್ತು ಉಜ್ಜುತ್ತೀರಿ. ಏನಾಗಬೇಕು ಮತ್ತೆ?

ಆದ್ದರಿಂದ ಮೊದಲು ಊದಬೇಕು. ಕೈಯಲ್ಲಿ ಒತ್ತುವ ರಬ್ಬರಿನ ಬ್ಲೋವರ್ ಬರುತ್ತದೆ, ಬೆಲೆಯೂ ಕಮ್ಮಿ. ಲೆನ್ಸನ್ನು ಕೆಳಮುಖ ಮಾಡಿ ಹತ್ತು ಸಲ ಒತ್ತಿ, ಉದುರುವ ಕಣ ಉದುರಲಿ. ಆಮೇಲೆ ಮೆತ್ತನೆಯ ಬ್ರಷ್. ಅದನ್ನು ಬೆರಳಿಂದ ಮುಟ್ಟಿದ್ದರೆ ಚರ್ಮದ ಎಣ್ಣೆ ಅಂಟಿರುತ್ತದೆ, ಬಳಸಬೇಡಿ. ಇಷ್ಟಾದ ಮೇಲೂ ಬೆರಳಚ್ಚೋ ಜಿಡ್ಡೋ ಉಳಿದಿದ್ದರೆ ಮಾತ್ರ ಮೈಕ್ರೋಫೈಬರ್ ಬಟ್ಟೆ, ಅದಕ್ಕೆ ಒಂದು ಹನಿ ಲೆನ್ಸ್ ಕ್ಲೀನರ್. ಹನಿ ಬಟ್ಟೆಗೆ ಹಾಕಿ, ಗಾಜಿಗೆ ಬೇಡ. ಗಾಜಿಗೆ ಹಾಕಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಜಿಡ್ಡು ಇಲ್ಲದಿದ್ದರೆ ಬಟ್ಟೆ ಜೇಬಿನಲ್ಲೇ ಇರಲಿ. ನಾಲ್ಕು ಕಣ ಧೂಳು ಲೆನ್ಸಿನ ಮುಂದೆ ಕೂತರೆ ಫೋಟೋದಲ್ಲಿ ಕಾಣುವುದೇ ಇಲ್ಲ. ಇದನ್ನು ಯಾರೂ ನಂಬುವುದಿಲ್ಲ.

ಕೊಪ್ಪಳದ ಕಡೆಯಿಂದ ಒಬ್ಬ ಹಿರಿಯರು ಬರುತ್ತಿದ್ದರು. ಫಿಲಂ ಕಾಲದಿಂದ ಸ್ಟುಡಿಯೋ ಇಟ್ಟವರು, ಆಮೇಲೆ ಡಿಜಿಟಲ್‌ಗೆ ಬಂದರು. ಅವರ 50 ಎಂಎಂ ಲೆನ್ಸಿನ ಅಂಚಿನಲ್ಲಿ ಜೋಳದ ಕಾಳಿನ ಅರ್ಧದಷ್ಟು ಚೂರು ಎದ್ದಿತ್ತು. ಒಳಗೂ ಧೂಳು ಇತ್ತು. ನಾನೇ ಬದಲಾಯಿಸಿ ಅಂತ ಹೇಳಿದೆ. ಅವರು ಜೇಬಿನಿಂದ ಮೊಮ್ಮಗಳ ಫೋಟೋ ತೆಗೆದು ಮೇಜಿನ ಮೇಲಿಟ್ಟರು. "ಚೂರು ಎಲ್ಲೈತಿ ತೋರಿಸು" ಅಂದರು. ಕಣ್ಣಿನ ರೆಪ್ಪೆ ಒಂದೊಂದೂ ಎಣಿಸಬಹುದಿತ್ತು. ಆವತ್ತು ನಾನು ಚಹಾ ತರಿಸಿ ಸುಮ್ಮನಾದೆ.

ಬ್ಲೋವರ್ ಇಲ್ಲ, ಬಾಯಿಂದ ಊದುತ್ತೇನೆ ಅನ್ನುವವರು ಬಹಳ. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಎಲೆ ಅಡಿಕೆ ಹಾಕಿಕೊಂಡವರ ಕ್ಯಾಮೆರಾ ತೆಗೆದು ನೋಡಿದ್ದೇನೆ, ವಿವರ ಬೇಡ. ಇನ್ನು ಕೆಲವರು ನನಗಿಂತ ಬುದ್ಧಿವಂತರು. ಒಬ್ಬರು ಜಾತ್ರೆಯಿಂದ ಬರುವಾಗ ದಾರಿಯಲ್ಲಿ ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿ, ಲೆನ್ಸ್ ಬಿಚ್ಚಿ, ಕ್ಯಾಮೆರಾ ಒಳಗೆ ಗಾಳಿ ಹೊಡೆಸಿದ್ದರು. ಲಾರಿ ಟೈರಿಗೆ ಹೊಡೆಯುವ ಗಾಳಿ! ಷಟರಿನ ಪರದೆ ಅಂದರೆ ತೆಳು ತಗಡಿನ ಪಟ್ಟಿಗಳು, ಅವು ತರಗೆಲೆ ಹಾಗೆ ಮಡಚಿಕೊಂಡಿದ್ದವು. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಮತ್ತು ನೀರಿನ ಪಸೆ ಇರುತ್ತದೆ, ಅದು ಸೆನ್ಸರ್ ಮೇಲೆ, ಅಂದರೆ ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಭಾಗದ ಮೇಲೆ, ಹನಿ ಹನಿಯಾಗಿ ಕೂತಿತ್ತು. "ಪಂಕ್ಚರ್ ಅಂಗಡಿಯವನು ರೊಕ್ಕ ತಗೊಳ್ಳಲಿಲ್ಲ ನೋಡ್ರಿ" ಅಂತ ಖುಷಿಯಿಂದ ಹೇಳಿದರು ಪಾಪ. ಡಬ್ಬಿಯಲ್ಲಿ ಬರುವ ಗಾಳಿಯೂ ಬೇಡ. ಓರೆ ಹಿಡಿದರೆ ಅದರಿಂದ ತಣ್ಣಗಿನ ದ್ರವ ಚಿಮ್ಮುತ್ತದೆ.

ಮುಂದಿನ ಗೊಂದಲ ಇದರ ತಮ್ಮ. ಫೋಟೋದಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ತಕ್ಷಣ ಲೆನ್ಸ್ ಒರೆಸುತ್ತಾರೆ. ಚುಕ್ಕೆ ಹೋಗುವುದಿಲ್ಲ. ಇನ್ನೂ ಜೋರಾಗಿ ಒರೆಸುತ್ತಾರೆ. ಚುಕ್ಕೆ ಇರುವುದು ಲೆನ್ಸಿನಲ್ಲಲ್ಲ, ಒಳಗೆ ಸೆನ್ಸರ್ ಮೇಲೆ. ಸೆನ್ಸರ್ ಮುಂದೆ ಒಂದು ತೆಳು ಗಾಜು ಇರುತ್ತದೆ, ಕಣ ಕೂರುವುದು ಅದರ ಮೇಲೆ. ಮದುವೆ ಮನೆಯಲ್ಲಿ ಎಫ್ 2.8ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲ ತೆರೆದು, ತೆಗೆದರೆ ಅದರ ನೆರಳು ಚದುರಿ ಹೋಗುತ್ತದೆ, ಕಾಣುವುದಿಲ್ಲ. ಅದೇ ಹುಡುಗ ಆನೆಗುಂದಿಗೆ ಹೋಗಿ, ಅಂಜನಾದ್ರಿ ಹತ್ತಿ, ಕಿಂಡಿ ಕಿರಿದು ಮಾಡಿ ಎಫ್ 16ರಲ್ಲಿ ಬಂಡೆ, ಆಕಾಶ ತೆಗೆದರೆ ನೆರಳು ಚೂಪಾಗಿ ಬೀಳುತ್ತದೆ. ಬಂದು "ಬೆಟ್ಟ ಹತ್ತಿದ ಮೇಲೆ ಕ್ಯಾಮೆರಾ ಕೆಟ್ಟಿತು ಸಾರ್" ಅನ್ನುತ್ತಾನೆ. ಬೆಟ್ಟ ಏನೂ ಮಾಡಿಲ್ಲಪ್ಪಾ, ಆ ಕಣ ಆರು ತಿಂಗಳಿಂದ ಅಲ್ಲೇ ಇತ್ತು.

ಪರೀಕ್ಷೆ ಸುಲಭ. ಬಿಳಿ ಗೋಡೆ ಅಥವಾ ಮೋಡವಿಲ್ಲದ ಆಕಾಶವನ್ನು ಎಫ್ 16ರಲ್ಲಿ ತೆಗೆಯಿರಿ, ಫೋಕಸ್ ಬೇಕಂತಲೇ ಕೆಡಿಸಿ. ಲೆನ್ಸ್ ಬದಲಾಯಿಸಿ ಮತ್ತೆ ತೆಗೆಯಿರಿ. ಚುಕ್ಕೆ ಅದೇ ಜಾಗದಲ್ಲಿದ್ದರೆ ಸೆನ್ಸರ್. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಇದ್ದರೆ ಅದನ್ನು ನಾಲ್ಕು ಸಲ ಓಡಿಸಿ, ಅಲುಗಾಡಿಸಿ ಉದುರಿಸುತ್ತದೆ. ಹೋಗದಿದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೆ ಸೆನ್ಸರ್ ತೆರೆದು, ಬ್ಲೋವರಿನ ಮೂತಿ ಒಳಗೆ ತೂರಿಸದೆ ಊದಿ. ಅಲ್ಲಿಗೆ ನಿಲ್ಲಿಸಿ. ಒದ್ದೆ ಸ್ವಾಬ್, ಅಂದರೆ ಬಟ್ಟೆ ಸುತ್ತಿದ ಕಡ್ಡಿ, ಹಾಕಿ ಸೆನ್ಸರ್ ಒರೆಸುವುದನ್ನು ವಿಡಿಯೋ ನೋಡಿ ಕಲಿತವರಿದ್ದಾರೆ, ಕೆಲವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಎಲ್ಲ ಮಾಡೆಲ್ಲಿಗೂ ಒಂದೇ ವಿಧಾನ ಅಂತ ನಾನು ಹೇಳಲಾರೆ. ಸೆನ್ಸರೇ ಅಲುಗಾಡುವ ಕ್ಯಾಮೆರಾಗಳಲ್ಲಿ ಒತ್ತಿದರೆ ಬೇರೆ ಕೆಲಸ ಹತ್ತಿಕೊಳ್ಳುತ್ತದೆ. ನನ್ನ ಮಾತಿಗೂ ನಿಮ್ಮ ಮ್ಯಾನ್ಯುಯಲ್ಲಿಗೂ ವ್ಯತ್ಯಾಸ ಬಂದರೆ ಮ್ಯಾನ್ಯುಯಲ್ ಮಾತೇ ಕೇಳಿ.

ಧೂಳು ಒಳಗೆ ಹೋಗುವುದು ಹೆಚ್ಚಾಗಿ ಲೆನ್ಸ್ ಬದಲಾಯಿಸುವಾಗ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರಿಗೆ ಗೊತ್ತು, ತೇರು ಎಳೆಯುವ ಹೊತ್ತಿಗೆ ಮೈದಾನದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಷ್ಟು ಜನರ ಕಾಲಿನ ಧೂಳು ಎದ್ದಾಗ ಕೆಲವರು ಲೆನ್ಸ್ ಬಿಚ್ಚಿ, ಕ್ಯಾಮೆರಾದ ಬಾಯಿ ಆಕಾಶಕ್ಕೆ ತೆರೆದು, ಪಕ್ಕದವನ ಜೊತೆ ಮಾತಾಡುತ್ತಿರುತ್ತಾರೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಆದರೆ ಇನ್ನೂ ಕಷ್ಟ, ಬಹಳಷ್ಟು ಮಾಡೆಲ್‌ಗಳಲ್ಲಿ ಸೆನ್ಸರ್ ನೇರವಾಗಿ ಬಯಲಿಗೆ ಬರುತ್ತದೆ. ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಬಾಯಿ ಕೆಳಗೆ ಮಾಡಿ ಬದಲಾಯಿಸಿ. ಸಾಧ್ಯವಿದ್ದರೆ ಅಂಥ ಕಡೆ ಬದಲಾಯಿಸಲೇ ಬೇಡಿ. ದರೋಜಿಗೆ ಕರಡಿ ನೋಡಲು ಹೋಗುವವರ ಉದ್ದ ಜೂಮ್‌ಗಳಲ್ಲಿ ಉದ್ದವಾಗಿ ಚಾಚುವ ಬಗೆಯವು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಸುಮ್ನೆ ಆಟಕ್ಕೆ ಹಿಂದೆ ಮುಂದೆ ಎಳೆಯುತ್ತಾ ಕೂರಬಾರದು. ನಮ್ಮ ಕಡೆಯವರು ಲೆನ್ಸಿನ ಮುಂದೆ ಒಂದು ಒಳ್ಳೆಯ ಯುವಿ ಫಿಲ್ಟರ್, ಅಂದರೆ ಲೆನ್ಸ್ ಕಾಯುವ ಗಾಜು, ಹಾಕಿಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ. ಬೇಡ ಅನ್ನುವವರೂ ಇದ್ದಾರೆ, ಅವರು ತೋರಣಗಲ್ಲಿನ ರಸ್ತೆಯಲ್ಲಿ ಬೈಕ್ ಓಡಿಸಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚೆ, ಅದಿರಿನ ಲಾರಿಗಳ ಕಾಲದಲ್ಲಿ, ನಾನು ಬಿಳಿ ಅಂಗಿ ಹಾಕುವುದನ್ನೇ ಬಿಟ್ಟಿದ್ದೆ.

ಕ್ಯಾಮೆರಾ ಎತ್ತಿಡುವ ವಿಚಾರ ಜಾಸ್ತಿ ಇಲ್ಲ. ಬ್ಯಾಟರಿ ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ಹೊರಗೆ ತೆಗೆದಿಡಿ. ಬಹಳಷ್ಟು ಕ್ಯಾಮೆರಾಗಳನ್ನು 40 ಡಿಗ್ರಿವರೆಗೆ ಬಳಸಬಹುದು ಅಂತ ಮ್ಯಾನ್ಯುಯಲ್ ಹೇಳುತ್ತದೆ. ಏಪ್ರಿಲ್‌ನಲ್ಲಿ ಬಳ್ಳಾರಿಯ ನೆರಳೇ ಅದನ್ನು ದಾಟುತ್ತದೆ, ಇನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಇಟ್ಟರೆ ಕೇಳಬೇಡಿ. ಫಂಗಸ್ (ಬೂಷ್ಟು) ಬಗ್ಗೆ ಮಾತ್ರ ಒಂದು ಮಾತು. ಅದು ಮಂಗಳೂರಿನವರ ರೋಗ, ನಮ್ಮದು ಒಣ ಊರು ಅಂತ ನಾನೂ ತಿಳಿದಿದ್ದೆ. ಆದರೆ ಬೇಸಿಗೆಯಲ್ಲೇ ಫಂಗಸ್ ಹಿಡಿದ ಲೆನ್ಸ್‌ಗಳು ಬರತೊಡಗಿದವು. ವಿಚಾರಿಸಿದರೆ ಎಲ್ಲರ ಮನೆಯಲ್ಲೂ ಏರ್ ಕೂಲರ್! ಕೂಲರ್ ನೀರಿನ ಪಸೆಯನ್ನೇ ಗಾಳಿಗೆ ಸೇರಿಸುತ್ತದೆ. ಕಿಟಕಿ ಮುಚ್ಚಿದ ಕೋಣೆ, ಮೂಲೆಯಲ್ಲಿ ಬ್ಯಾಗು, ಒಳಗೆ ಕತ್ತಲು. ಗಾಳಿಯ ತೇವ ಶೇಕಡಾ 60 ದಾಟಿದರೆ ಫಂಗಸ್‌ಗೆ ಹಬ್ಬ, 40ರಿಂದ 50ರ ಒಳಗಿದ್ದರೆ ನೆಮ್ಮದಿ. ಕೂಲರ್ ಇಲ್ಲದ ಕೋಣೆಯಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿಯಾದರೆ ಅದು ಇನ್ನು ತೇವ ಹೀರುವುದಿಲ್ಲ ಅಂತ ಅರ್ಥ. ಜೊತೆಗೆ ಹತ್ತಾರು ರೂಪಾಯಿಯ ಸಣ್ಣ ತೇವಮಾಪಕ ಸಿಗದಿದ್ದರೂ ಇನ್ನೂರು ಮುನ್ನೂರಕ್ಕೆ ಒಂದು ಸಿಕ್ಕೀತು, ಡಬ್ಬಿಯಲ್ಲಿ ಹಾಕಿಡಿ.

ಕೊನೆಗೆ ಒಂದು ಬೇಡಿಕೆ. ನನ್ನ ಹತ್ತಿರ ಕ್ಯಾಮೆರಾ ತರುವ ಮುಂಚೆ ನಾಚಿಕೆಯಿಂದ ಅದನ್ನು ಒರೆಸಿಕೊಂಡು ಬರುತ್ತೀರಿ. ನೆಂಟರು ಬರುತ್ತಾರೆ ಅಂತ ಮನೆ ಗುಡಿಸಿದ ಹಾಗೆ. ಕಳೆದ ವರ್ಷ ಒಬ್ಬಾಕೆ ಟೀಚರ್ ನನ್ನ ಕೌಂಟರ್ ಮುಂದೆಯೇ ಸೆರಗು ಎತ್ತಿಕೊಂಡು "ಸ್ವಲ್ಪ ತಡೀರಿ, ಬಹಳ ಹೊಲಸಾಗೇತಿ" ಅಂದರು. ನಾನು ಮೇಜು ದಾಟಿ ಕೈ ಚಾಚುವಷ್ಟರಲ್ಲಿ ಒಂದು ಸುತ್ತು ಆಗಿಹೋಗಿತ್ತು. ಮಳೆ ಬರಲಿ, ಮಣ್ಣು ಮೆತ್ತಿರಲಿ, ಅಕ್ಷತೆ ಅಂಟಿರಲಿ, ಹಾಗೇ ತನ್ನಿ.