ಎಲ್ಕ್‌ಗೆ ಯಾವ ಗುಂಡು? ನೂರು ವರ್ಷವಾದರೂ ಮುಗಿಯದ ಜಗಳ

ಸೆಪ್ಟೆಂಬರ್ ಮುಗಿಯುತ್ತಾ ಬಂತೆಂದರೆ ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಒಂದು ವಾದ ಶುರುವಾಗುತ್ತದೆ. ಚುನಾವಣೆ ಸಮಯದಲ್ಲಿ ನಮ್ಮೂರ ಹೋಟೆಲಿನಲ್ಲಿ ನಡೆಯುವಂಥದ್ದೇ ವಾದ. ಎಲ್ಕ್ ಎಂಬ ದೊಡ್ಡ ಜಿಂಕೆ ಹೊಡೆಯೋಕೆ .270 ಧಾರಾಳ ಸಾಕು ಅಂತ ಒಬ್ಬ. .300 ಮ್ಯಾಗ್ನಮ್ ಇಲ್ಲದೆ ಬೆಟ್ಟ ಹತ್ತಲೇಬೇಡ ಅಂತ ಇನ್ನೊಬ್ಬ. ಅಜ್ಜನ .30-06 ಇರುವಾಗ ಹೊಸದಕ್ಕೆ ಯಾಕೆ ದುಡ್ಡು ಸುರಿಯಬೇಕು ಅಂತ ಮೂರನೆಯವನು. (ಮೊದಲ ಅಂಕಿ ಹೆಚ್ಚೂಕಡಿಮೆ ಕೋವಿ ನಳಿಗೆಯ ಅಗಲ, ಇಂಚಿನಲ್ಲಿ. ಮ್ಯಾಗ್ನಮ್ ಅಂದರೆ ಜಾಸ್ತಿ ಮದ್ದಿನ ಜೋರು ತೋಟ.) ನಾನು ಬೇಟೆಯಾಡುವವನಲ್ಲ. ಸುಮ್ನೆ ಮೊಸರನ್ನ ತಿನ್ನುತ್ತಾ ಕೇಳುತ್ತೇನೆ. ಮಲೆನಾಡಿನ ನಮ್ಮ ಮನೆಯಲ್ಲೂ ಗದ್ದೆಗೆ ಬರುವ ಹಂದಿ ಬೆದರಿಸಲು ಒಂದು ತೋಟಾಕೋವಿ ಇತ್ತು. ಪೇಟೆಯ ಅಂಗಡಿಯಲ್ಲಿ ಯಾವ ತೋಟ (ಗುಂಡು, ಮದ್ದು ತುಂಬಿದ ಕಾಡತೂಸು) ಇದೆಯೋ ಅದೇ ನಮ್ಮ ತೋಟ. ಆರಿಸುವ ತಲೆನೋವೇ ಇರಲಿಲ್ಲ.

ಇಲ್ಲಿ ಆ ತಲೆನೋವಿಗೆ ನೂರು ವರ್ಷದ ಇತಿಹಾಸ ಇದೆ. ಕೇಳುತ್ತಾ ಕೇಳುತ್ತಾ ನನಗೆ ಹೊಳೆದದ್ದು ಇಷ್ಟು: ಇವರು ಜಗಳವಾಡುವುದು ಕೋವಿಯ ಅಳತೆಗಾಗಿ, ಉತ್ತರ ಕೂತಿರುವುದು ಗುಂಡಿನ ಹೊಟ್ಟೆಯೊಳಗೆ.

ಮೊದಲು ಪ್ರಾಣಿಯ ವಿಷಯ. ಎಲ್ಕ್ ಅನ್ನುವ ಹೆಸರೇ ಒಂದು ಎಡವಟ್ಟು. ಯುರೋಪಿನಲ್ಲಿ ಎಲ್ಕ್ ಅಂದರೆ ಅಮೆರಿಕದವರು ಮೂಸ್ ಎನ್ನುವ ಪ್ರಾಣಿ. ಅಮೆರಿಕಕ್ಕೆ ಬಂದ ಇಂಗ್ಲಿಷರು ಇಲ್ಲಿನ ದೊಡ್ಡ ಜಿಂಕೆಗೆ ಆ ಹೆಸರು ಅಂಟಿಸಿದರು. ಇಲ್ಲಿನ ಮೂಲನಿವಾಸಿಗಳಾದ ಶಾನಿ ಜನರ ಭಾಷೆಯಲ್ಲಿ ಅದಕ್ಕೆ 'ವಾಪಿಟಿ' ಎಂಬ ಹೆಸರಿತ್ತು. ಬಿಳಿ ಹಿಂಭಾಗದ್ದು ಅಂತ ಅರ್ಥ. ತಮಾಷೆ ಅಂದರೆ, ಸಿಲೋನಿನಲ್ಲಿದ್ದ ಬ್ರಿಟಿಷರು ನಮ್ಮ ಕಡವೆಯನ್ನೂ ಎಲ್ಕ್ ಎಂದೇ ಕರೆಯುತ್ತಿದ್ದರು. ಆ ಹೋಲಿಕೆ ಪೂರ್ತಿ ತಪ್ಪೇನಲ್ಲ. ಕಡವೆಯ ದೊಡ್ಡಣ್ಣನನ್ನು ನೆನೆಸಿಕೊಳ್ಳಿ. ರಾಕಿ ಪರ್ವತದ ಗಂಡು ಎಲ್ಕ್ ಸುಮಾರು 320 ಕೆಜಿ ತೂಗುತ್ತದೆ. ಹೆಣ್ಣು 225 ಕೆಜಿ ಆಸುಪಾಸು.

ತೂಕಕ್ಕಿಂತ ಅದರ ಹಟ ದೊಡ್ಡದು. ಭುಜದ ಮೂಳೆ ದಪ್ಪ, ಮಾಂಸಖಂಡ ಗಟ್ಟಿ. ಗುಂಡು ಶ್ವಾಸಕೋಶಕ್ಕೇ ತಗುಲಿದರೂ ಕೆಲವೊಮ್ಮೆ ಏನೂ ಆಗದಂತೆ ನಿಂತಿರುತ್ತದೆ, ಆಮೇಲೆ ನೂರು ಗಜ ಓಡುತ್ತದೆ. ಆ ನೂರು ಗಜ ಯಾವ ಕಡೆಗೆ ಅನ್ನುವುದೇ ಪ್ರಶ್ನೆ. 3,000 ಮೀಟರ್ ಎತ್ತರದಲ್ಲಿ, ಇಳಿಜಾರಿನ ಕೆಳಗೆ, ಬಿದ್ದ ಮರಗಳ ನಡುವೆ ಸತ್ತರೆ ನೂರು ಕೆಜಿ ಮಾಂಸವನ್ನು ಬೆನ್ನ ಮೇಲೆ ಹೊತ್ತು ಮೇಲೆ ತರಬೇಕು. ಏಟು ತಪ್ಪಿ ಗಾಯವಷ್ಟೇ ಆದರೆ ಪ್ರಾಣಿಗೆ ದಿನಗಟ್ಟಲೆ ನರಕ. ಗುಂಡಿನ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೇ.

ಶುರುವಿನಲ್ಲಿ ಯಾರೂ ಹಾಗೆ ತಲೆ ಕೆಡಿಸಿಕೊಳ್ಳಲಿಲ್ಲ. 1873ರಲ್ಲಿ ಅಮೆರಿಕದ ಸೈನ್ಯ .45-70 ತೋಟವನ್ನು ತಂದಿತು. 45 ಅಂದರೆ ನಳಿಗೆಯ ಅಗಲ, ಇಂಚಿನ ನೂರರಲ್ಲಿ 45 ಭಾಗ. 70 ಅಂದರೆ ಅದರೊಳಗಿನ ಕಪ್ಪು ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. ಗುಂಡು 405 ಗ್ರೇನಿನ ಸೀಸದ ಗಟ್ಟಿ, ಅಂದರೆ 26 ಗ್ರಾಂ. ನಿಧಾನ, ಆದರೆ ತಗುಲಿದರೆ ಆರಪಾರು. ಇಂಥ ಕೋವಿಗಳನ್ನು ಹಿಡಿದು ಮಾಂಸದ ವ್ಯಾಪಾರಿಗಳು, ಚರ್ಮದ ವ್ಯಾಪಾರಿಗಳು ಬೆಟ್ಟ ಬಯಲೆಲ್ಲ ಗುಡಿಸಿಹಾಕಿದರು. ಎಲ್ಕ್‌ನ ಮೇಲ್ದವಡೆಯಲ್ಲಿ ದಂತದಂತಹ ಎರಡು ಹಲ್ಲುಗಳಿವೆ. ಆ ಕಾಲದಲ್ಲಿ ಅವನ್ನು ಗಡಿಯಾರದ ಸರಪಳಿಗೆ ಸಿಕ್ಕಿಸಿಕೊಳ್ಳುವುದು ದೊಡ್ಡಸ್ತಿಕೆ. ಆ ಎರಡು ಹಲ್ಲು ಕಿತ್ತುಕೊಂಡು ಇಡೀ ಪ್ರಾಣಿಯನ್ನು ಕೊಳೆಯಲು ಬಿಟ್ಟವರೂ ಇದ್ದರು. 20ನೇ ಶತಮಾನ ಶುರುವಾಗುವಾಗ ಇಡೀ ಉತ್ತರ ಅಮೆರಿಕದಲ್ಲಿ ಉಳಿದಿದ್ದ ಎಲ್ಕ್ ಒಂದು ಲಕ್ಷಕ್ಕಿಂತ ಕಡಿಮೆ.

ಈಗ ಸುಮಾರು ಹತ್ತು ಲಕ್ಷ ಇವೆ. ಅತಿ ಹೆಚ್ಚು ಇರುವುದು ಕೊಲರಾಡೋದಲ್ಲಿ. ಅವು ತಿರುಗಿ ಬಂದ ಕಥೆಯಲ್ಲೂ ಬಂದೂಕಿನ ಅಂಗಡಿಗೆ ಒಂದು ಪಾತ್ರವಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟಗಳ ಮೇಲಿನ 11% ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿತು, ಶಿಕಾರಿಯ ಮಾತು ಅಜ್ಜಂದಿರ ಜೊತೆ ನಿಂತಿತು. ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಉಳಿದಿದೆ ನಿಜ. ಆದರೆ ಕೈಲ್ ಪೊಳ್ದು ಹಬ್ಬದಲ್ಲಿ ಅವರು ಗುರಿ ಇಡುವುದು ತೆಂಗಿನಕಾಯಿಗೆ. ಅಮೆರಿಕದಲ್ಲಿ ಬೇಟೆಗೆ ಲೆಕ್ಕ ಇಟ್ಟರು, ಋತು ಗೊತ್ತು ಮಾಡಿದರು, ಪರವಾನಗಿ ತಂದರು. ಬೇಟೆ ನಿಲ್ಲಲಿಲ್ಲ. ಹಾಗಾಗಿ ವಾದವೂ ನಿಲ್ಲಲಿಲ್ಲ.

1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು. 1895ರಲ್ಲಿ ವಿಂಚೆಸ್ಟರ್ .30-30 ತೋಟವನ್ನು ಮಾರುಕಟ್ಟೆಗೆ ಬಿಟ್ಟಿತು. ಸಣ್ಣ ಗುಂಡು, ಜಾಸ್ತಿ ವೇಗ. ಕುದುರೆಯ ಜೀನಿಗೆ ಸಿಕ್ಕಿಸಬಹುದಾದ ಹಗುರ ಕೋವಿ. ಇವತ್ತಿನ ಬೇಟೆಗಾರರ ಬಾಯಿಲೆಕ್ಕವೊಂದಿದೆ: ಎಲ್ಕ್‌ಗೆ ತಗುಲುವಾಗ ಗುಂಡಿನಲ್ಲಿ 1,500 ಫುಟ್-ಪೌಂಡ್ ಶಕ್ತಿ ಇರಬೇಕು ಅಂತ. ಆ ಲೆಕ್ಕ ಹಿಡಿದರೆ .30-30 ನೂರು ಗಜದಲ್ಲೇ ಫೇಲು. ಆದರೂ ಪಶ್ಚಿಮದ ಎಷ್ಟೋ ಮನೆಗಳ ಅಡುಗೆಮನೆಗೆ ಎಲ್ಕ್ ಮಾಂಸ ತಂದದ್ದು ಅದೇ. ಅವರು ಕಾಡಿನೊಳಗೆ ಹತ್ತಿರ ಹೋಗಿ ಹೊಡೆಯುತ್ತಿದ್ದರು, ಅಷ್ಟೆ.

ಆಮೇಲೆ ಬಂದದ್ದು .30-06. ಇಲ್ಲಿ 06 ಅಂದರೆ ಮದ್ದಿನ ತೂಕ ಅಲ್ಲ, 1906ನೇ ಇಸವಿ. (ತೋಟಗಳಿಗೆ ಹೆಸರಿಡುವುದರಲ್ಲಿ ಇವರಿಗೆ ಒಂದು ನಿಯಮ ಅಂತ ಇಲ್ಲವೇ ಇಲ್ಲ.) ಜರ್ಮನರು ಚೂಪು ಮೂತಿಯ ಗುಂಡು ತಂದದ್ದನ್ನು ನೋಡಿ ಅಮೆರಿಕದ ಸೈನ್ಯವೂ ತನ್ನ ಮೊಂಡು ಗುಂಡನ್ನು ಬಿಟ್ಟು ಇದಕ್ಕೆ ಬಂತು. ಯುದ್ಧ ಮುಗಿಸಿ ಮನೆಗೆ ಬಂದ ಹುಡುಗರಿಗೆ ಈ ಕೋವಿ ಕೈಗೆ ಒಗ್ಗಿತ್ತು. ಸೈನ್ಯದ ಹಳೇ ರೈಫಲ್‌ಗಳು ಅಗ್ಗದಲ್ಲಿ ಸಿಕ್ಕವು. ಯಾವ ಊರಿನ ಅಂಗಡಿಯಲ್ಲೂ ತೋಟ ಸಿಗುತ್ತಿತ್ತು. 180 ಗ್ರೇನಿನ ಗುಂಡು ಹಾಕಿದರೆ ಎಲ್ಕ್‌ಗೆ ಸರಿಹೋಗುತ್ತಿತ್ತು. ಕಥೆ ಇಲ್ಲಿಗೇ ಮುಗಿಯಬಹುದಿತ್ತು.

ಆದರೆ 1925ರಲ್ಲಿ ವಿಂಚೆಸ್ಟರ್ ಅದೇ ಮನೆತನದ ತೋಟದ ಕತ್ತು ಹಿಚುಕಿ .270 ಮಾಡಿತು. 130 ಗ್ರೇನಿನ, ಅಂದರೆ ಎಂಟೂವರೆ ಗ್ರಾಂ ಗುಂಡು. ವೇಗ ಸೆಕೆಂಡಿಗೆ 950 ಮೀಟರ್. ಹಾರುವ ದಾರಿ ನೇರ, ಭುಜಕ್ಕೆ ಒದೆತ ಕಡಿಮೆ. ಇದರ ವಕೀಲನಾಗಿ ನಿಂತವನು ಜ್ಯಾಕ್ ಓ'ಕಾನರ್. ಅರಿಜೋನಾದವನು, ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಮೇಷ್ಟ್ರು, ಆಮೇಲೆ 'ಔಟ್‌ಡೋರ್ ಲೈಫ್' ಪತ್ರಿಕೆಯ ಬಂದೂಕು ಸಂಪಾದಕ. ಅವನ ಮಾತು ಸರಳ: ಸರಿಯಾದ ಜಾಗಕ್ಕೆ ಹೊಡೆದರೆ ಸಣ್ಣ ಗುಂಡೂ ಸಾಕು, ಒದೆಯದ ಕೋವಿಯಲ್ಲಿ ಸರಿಯಾದ ಜಾಗಕ್ಕೆ ಹೊಡೆಯುವುದು ಸುಲಭ.

ಎದುರು ಪಕ್ಷದಲ್ಲಿ ಎಲ್ಮರ್ ಕೀತ್. ಐಡಾಹೋದ ಸ್ಯಾಮನ್ ಊರಿನವನು. ದೊಡ್ಡ ಹ್ಯಾಟು, ಬಾಯಲ್ಲಿ ಸಿಗಾರ್. ದನ ಕಾಯ್ದವನು, ಬೇಟೆಗೆ ಬಂದವರನ್ನು ಕಾಡಿಗೆ ಕರೆದೊಯ್ಯುವುದನ್ನೇ ಕಸುಬು ಮಾಡಿಕೊಂಡವನು. .270 ಎಲ್ಕ್‌ಗೆ ಸಾಲದು ಅನ್ನುವುದು ಅವನ ಪಟ್ಟು. ಅಗಲ ನಳಿಗೆ, 250 ಗ್ರೇನ್ ಅಥವಾ ಅದಕ್ಕೂ ಭಾರದ ಗುಂಡು ಬೇಕು ಅಂತ. ವೇಗದ ಹಗುರ ಗುಂಡು ಭುಜದ ಮೂಳೆಗೆ ತಗುಲಿ ಪುಡಿಯಾಗುತ್ತದೆ, ಹೃದಯದವರೆಗೆ ಹೋಗುವುದೇ ಇಲ್ಲ ಅನ್ನುತ್ತಿದ್ದ.

ಇಬ್ಬರೂ ದಶಕಗಳ ಕಾಲ ಕಿತ್ತಾಡಿದರು, ಒಬ್ಬರಿಗೊಬ್ಬರು ಸೇರುತ್ತಲೇ ಇರಲಿಲ್ಲ. ಓದುಗರೂ ಎರಡು ಪಂಗಡವಾದರು. ನನಗನಿಸುವುದು, ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದರು. ಓ'ಕಾನರ್ ಬಯಲು ಬೆಟ್ಟದಲ್ಲಿ, ಪಕ್ಕೆ ತೋರಿಸಿಕೊಂಡು ನಿಂತ ಪ್ರಾಣಿಗೆ, ಪುರುಸೊತ್ತಿನಲ್ಲಿ ಗುರಿ ಇಟ್ಟವನು. ಕೀತ್ ದಟ್ಟ ಕಾಡಿನಲ್ಲಿ, ಪಟ್ಟಣದಿಂದ ಬಂದ ಗಿರಾಕಿಗಳು ಓಡುವ ಎಲ್ಕ್‌ನ ಹಿಂಭಾಗಕ್ಕೆ ಹೊಡೆದದ್ದನ್ನು ನೋಡಿದವನು. ಹಿಂದಿನಿಂದ ಹೊಕ್ಕ ಗುಂಡು ಹೊಟ್ಟೆ ದಾಟಿ ಎದೆಗೆ ಮುಟ್ಟಬೇಕಾದರೆ ತೂಕ ಬೇಕೇ ಬೇಕು. ಆ ಕಾಲದ ಗುಂಡು ತೆಳು ತಾಮ್ರದ ಹೊದಿಕೆಯ ಸೀಸ. ಅದು ಪುಡಿಯಾಗುತ್ತಿದ್ದದ್ದೂ ಸುಳ್ಳಲ್ಲ.

ಈ ಗಂಟನ್ನು ಬಿಚ್ಚಿದವನು ಲಾರಿ ಕಂಪನಿ ನಡೆಸುತ್ತಿದ್ದ ಒಬ್ಬ ಮನುಷ್ಯ. ಅದನ್ನು ಹೇಳುವ ಮುಂಚೆ ನಮ್ಮ ದೇಶಕ್ಕೆ ಸ್ವಲ್ಪ ಬರಬೇಕು. ಗುಂಡು ತಗುಲಿದ ಮೇಲೆ ಅಣಬೆಯಂತೆ ಅರಳಬೇಕು, ಆಗಲೇ ಗಾಯ ಅಗಲ. ಇಂಥ ಗುಂಡುಗಳಿಗೆ ಜಗತ್ತೇ ಇಟ್ಟ ಅಡ್ಡಹೆಸರು 'ದಮ್‌ದಮ್'. ಕೋಲ್ಕತ್ತಾದ ವಿಮಾನ ನಿಲ್ದಾಣ ಇರುವ ಅದೇ ದಮ್‌ದಮ್. ಅಲ್ಲಿನ ಬ್ರಿಟಿಷ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಇದನ್ನು ಮಾಡಿದರು. ಎಷ್ಟು ಭೀಕರ ಅನಿಸಿತೆಂದರೆ 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಇಂಥ ಗುಂಡನ್ನು ನಿಷೇಧಿಸಿತು. ಬೇಟೆಯಲ್ಲಿ ಪೂರಾ ಉಲ್ಟಾ. ಕೊಲರಾಡೋದಲ್ಲಿ ಅರಳುವ ಗುಂಡನ್ನೇ ಹಾಕಬೇಕು ಅಂತ ಕಾನೂನು. ಪ್ರಾಣಿ ಬೇಗ ಸಾಯಲಿ ಅಂತ.

ಅರಳಬೇಕು, ಆದರೆ ಪುಡಿಯಾಗಬಾರದು. ಕಷ್ಟ ಇರುವುದು ಇಲ್ಲೇ. 1946ರಲ್ಲಿ ಆರೆಗಾನ್‌ನ ಆ ಲಾರಿ ಕಂಪನಿಯ ಜಾನ್ ನೋಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋದ. ಕೈಯಲ್ಲಿದ್ದದ್ದು .300 ಹೆಚ್ ಅಂಡ್ ಹೆಚ್ ಮ್ಯಾಗ್ನಮ್, ಆ ಕಾಲಕ್ಕೆ ಬಲು ಜೋರು ಕೋವಿ. ಮೂಸ್ ಮೈಗೆಲ್ಲ ಕೆಸರು ಒಣಗಿ ಗಟ್ಟಿಯಾಗಿತ್ತು. ಹೊಡೆದರೆ ಗುಂಡು ಮೇಲೆಮೇಲೆಯೇ ಒಡೆದುಹೋಯಿತು, ಪ್ರಾಣಿ ಬೀಳಲಿಲ್ಲ. ಮನೆಗೆ ಬಂದು ಅವನು ಒಂದು ಗುಂಡು ಮಾಡಿದ. ತಾಮ್ರದ ಚಿಪ್ಪಿನೊಳಗೆ ನಡುವೆ ಒಂದು ಅಡ್ಡಗೋಡೆ. ಮುಂದಿನ ಕೋಣೆಯ ಸೀಸ ಅರಳಲಿ, ಒಡೆಯಲಿ. ಗೋಡೆಯ ಹಿಂದಿನ ಸೀಸ ಹಾಗೇ ಉಳಿದು ಒಳಕ್ಕೆ ನುಗ್ಗುತ್ತದೆ. 1948ರಿಂದ 'ಪಾರ್ಟಿಷನ್' ಎಂಬ ಹೆಸರಿನಲ್ಲಿ ಮಾರಿದ. ಇವತ್ತಿಗೂ ಸಿಗುತ್ತದೆ.

ಈ ಗೋಡೆ ಬಂದ ಮೇಲೆ ಓ'ಕಾನರ್-ಕೀತ್ ಜಗಳದ ಅರ್ಧ ಜೀವ ಹೋಗಬೇಕಿತ್ತು. ಹಗುರ ಗುಂಡೂ ಈಗ ಮೂಳೆ ದಾಟುತ್ತದೆ ಅಂದಮೇಲೆ ವಾದ ಎಲ್ಲಿ? ಆದರೆ ಗುಂಡು ಕಣ್ಣಿಗೆ ಕಾಣದ ವಸ್ತು, ಕೋವಿ ಗೋಡೆಗೆ ತೂಗುಹಾಕುವ ವಸ್ತು. ಜಗಳ ಯಾವುದರ ಬಗ್ಗೆ ನಡೆಯುತ್ತದೆ ಹೇಳಿ?

ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. 1958ಕ್ಕೆ .338 ವಿಂಚೆಸ್ಟರ್ ಮ್ಯಾಗ್ನಮ್, ಕೀತ್ ಬಯಸಿದ್ದ ದಾರಿಯದ್ದೇ. 1962ಕ್ಕೆ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್. 1963ಕ್ಕೆ .300 ವಿಂಚೆಸ್ಟರ್ ಮ್ಯಾಗ್ನಮ್. ಎಲ್ಲವೂ ಒಳ್ಳೆಯವೇ, ಎಲ್ಲವೂ ಒದೆಯುವವೇ. ಹಗುರವಾದ .338 ಭುಜಕ್ಕೆ ಕೊಡುವ ಏಟನ್ನು ಒಮ್ಮೆ ತಿಂದವರು ಮುಂದಿನ ಸಲ ಕಣ್ಣು ಮುಚ್ಚಿ ಕೋವಿಯ ಕುದುರೆ (ಟ್ರಿಗರ್) ಎಳೆಯುತ್ತಾರೆ. ಗುರಿ ಅಲ್ಲೇ ಕೆಟ್ಟಿತು. ವರ್ಷಕ್ಕೆ ಒಂದು ಪೆಟ್ಟಿಗೆ ತೋಟವನ್ನೂ ಖರ್ಚು ಮಾಡದವನಿಗೆ ಮ್ಯಾಗ್ನಮ್ ಉಪಕಾರ ಮಾಡುವುದಿಲ್ಲ.

ಗುಂಡಿನ ಕಥೆ ಮುಂದುವರಿಯಿತು. 1989ರಲ್ಲಿ ಬಾರ್ನ್ಸ್ ಕಂಪನಿ ಸೀಸವೇ ಇಲ್ಲದ, ಪೂರಾ ತಾಮ್ರದ ಗುಂಡು ತಂದಿತು. ಮೂತಿಯಲ್ಲೊಂದು ತೂತು, ತಗುಲಿದರೆ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆ. ಮೊದಮೊದಲು ಇದು ನಳಿಗೆಯೊಳಗೆ ತಾಮ್ರ ಮೆತ್ತುತ್ತದೆ ಅಂತ ದೂರು ಬಂತು. 2003ರಲ್ಲಿ ಮೈಮೇಲೆ ಗೆರೆ ಕೊರೆದು ಅದನ್ನು ಸರಿಮಾಡಿದರು. ತಾಮ್ರ ಸೀಸಕ್ಕಿಂತ ಹಗುರ. ಅದಕ್ಕೆ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅರಳಲು ವೇಗವೂ ಬೇಕು. ಹಾಗಾಗಿ 180 ಗ್ರೇನ್ ಹಾಕುತ್ತಿದ್ದವರು 165ಕ್ಕೋ 150ಕ್ಕೋ ಇಳಿಯುತ್ತಾರೆ. ಕೀತ್ ಇದ್ದಿದ್ದರೆ ಸಿಗಾರ್ ಉಗುಳುತ್ತಿದ್ದ.

ತಾಮ್ರಕ್ಕೆ ಬಲ ಬಂದದ್ದು ರಣಹದ್ದುಗಳಿಂದ. ಬೇಟೆಗಾರರು ಕಾಡಿನಲ್ಲೇ ಕರುಳು ತೆಗೆದು ಬಿಟ್ಟುಬರುತ್ತಾರೆ. ಅದರೊಳಗಿನ ಸೀಸದ ಚೂರು ತಿಂದು ಕ್ಯಾಲಿಫೋರ್ನಿಯಾದ ಕಾಂಡರ್ ಹದ್ದುಗಳು ವಿಷವೇರಿ ಸಾಯುತ್ತಿದ್ದವು. 2013ರಲ್ಲಿ ಆ ರಾಜ್ಯ ಕಾನೂನು ಮಾಡಿತು, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ಬಂದ್. ಅದಕ್ಕೂ ಮೊದಲು 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆಂದು ದಾನ ಬಂದ ಜಿಂಕೆ ಮಾಂಸದಲ್ಲಿ ಸೀಸದ ಪುಡಿ ಸಿಕ್ಕಿ, ಅದನ್ನು ಹಂಚಬೇಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಮಕ್ಕಳ ತಟ್ಟೆಯ ಪ್ರಶ್ನೆ ಬಂದಾಗ ಎಷ್ಟೋ ಜನ ಕಾನೂನಿಗೆ ಕಾಯದೆ ತಾಮ್ರಕ್ಕೆ ಬದಲಾದರು.

ಇತ್ತೀಚಿನ ಜಗಳ ದೂರದ್ದು. 2007ರಲ್ಲಿ ಹಾರ್ನಡಿ ಕಂಪನಿ ಗುರಿ ಸ್ಪರ್ಧೆಗೆಂದು 6.5 ಕ್ರೀಡ್‌ಮೂರ್ ತಂದಿತು. ಉದ್ದನೆಯ, ಗಾಳಿ ಸೀಳುವ ಗುಂಡು, ಒದೆತ ಕಡಿಮೆ. ಲೇಸರ್ ದೂರಮಾಪಕ, ಗುಬುಟು ತಿರುಗಿಸುವ ದುರ್ಬೀನು ಜೊತೆ ಸೇರಿ ಜನ 600, 700 ಗಜದಿಂದ ಎಲ್ಕ್ ಹೊಡೆಯತೊಡಗಿದರು. 200 ಗಜಕ್ಕೆ ಹೊಂದಿಸಿದ .30-06 ಗುಂಡು 400 ಗಜದಲ್ಲಿ ಎರಡು ಅಡಿ ಕೆಳಗೆ ಬೀಳುತ್ತದೆ. ಅದನ್ನು ಯಂತ್ರ ಲೆಕ್ಕ ಹಾಕಿ ಕೊಡುತ್ತದೆ, ಸರಿ. ಆದರೆ ಕಣಿವೆಯ ಆಚೆ ಬದಿಯ ಗಾಳಿಯನ್ನು ಯಾವ ಯಂತ್ರವೂ ನೋಡುವುದಿಲ್ಲ. ಗುಂಡು ಹಾರುತ್ತಿರುವಾಗ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಏಟು ಹೊಟ್ಟೆಗೆ. ನನ್ನ ಮಟ್ಟಿಗೆ ಅದು ಬೇಟೆಗಿಂತ ಜೂಜಿಗೇ ಹತ್ತಿರ.

ಕಾನೂನಿನ ಅಳತೆ ಬಹಳ ಸಣ್ಣದು. ಕೊಲರಾಡೋದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ ಗುಂಡು, ನೂರು ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ. ಆಫೀಸಿನ ಮೂವರ ಕೋವಿಗಳೂ ಇದನ್ನು ಆರಾಮಾಗಿ ದಾಟುತ್ತವೆ. ಹೋದ ವರ್ಷ ಅಜ್ಜನ .30-06 ಇಟ್ಟುಕೊಂಡವನ ಜೊತೆ ನಾನೂ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿದ್ದೆ. ಕೋವಿ ಹಳೆಯದು, ತೋಟ ಹೊಸದು, 165 ಗ್ರೇನಿನ ತಾಮ್ರ. ಅವನು ಹುಟ್ಟುಹಬ್ಬಕ್ಕೆ ತರುವಂಥ ಪೇಪರ್ ಪ್ಲೇಟುಗಳನ್ನು ನೂರು, ಇನ್ನೂರು, ಮುನ್ನೂರು ಗಜದಲ್ಲಿ ಸಿಕ್ಕಿಸಿದ. ಎಲ್ಕ್‌ನ ಎದೆಗೂಡಿನಲ್ಲಿ ನಂಬಿ ಹೊಡೆಯಬಹುದಾದ ಜಾಗ ಹೆಚ್ಚೂಕಡಿಮೆ ಅಷ್ಟೇ. ಮೇಜಿಗೆ ಒರಗಿಸಿ ಹೊಡೆಯಲಿಲ್ಲ, ಕಾಡಿನಲ್ಲಿ ಮೇಜು ಎಲ್ಲಿರುತ್ತೆ? ಒಂದಿಷ್ಟು ದೂರ ಓಡಿ ಬಂದು, ಏದುಸಿರಿನಲ್ಲೇ ಕೂತು ಹೊಡೆದ. ಇನ್ನೂರರ ತಟ್ಟೆಯಲ್ಲಿ ಐದಕ್ಕೆ ಐದು ತೂತು. ಮುನ್ನೂರರದ್ದರಲ್ಲಿ ಎರಡು. ಜೇಬಿನಿಂದ ಪೆನ್ನು ತೆಗೆದು ತೋಟದ ಪೆಟ್ಟಿಗೆಯ ಮೇಲೆ '200' ಅಂತ ಬರೆದುಕೊಂಡ. ಅಕ್ಟೋಬರಿನಲ್ಲಿ 260 ಗಜ ದೂರದಲ್ಲಿ ಒಂದು ಒಳ್ಳೆಯ ಗಂಡು ನಿಂತಿತ್ತಂತೆ. ಹತ್ತಿರ ಹೋಗುವಷ್ಟರಲ್ಲಿ ಗಾಳಿ ತಿರುಗಿ, ವಾಸನೆ ಹಿಡಿದು ಓಡಿಹೋಯಿತಂತೆ. ಖಾಲಿ ಕೈಯಲ್ಲಿ ಬಂದ.