ಚಾಸಿ ಡೈನೋ: ಡ್ರ್ಯಾಗ್ ಕಾರಿಗೆ ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎಂಜಿನ್ ಬಿಚ್ಚದೆ, ಇಡೀ ಕಾರನ್ನೇ ರೋಲರ್ ಮೇಲೆ ಹತ್ತಿಸಿ, ಚಕ್ರಕ್ಕೆ ಬಂದು ಮುಟ್ಟುವ ಶಕ್ತಿ ಎಷ್ಟೆಂದು ಅಳೆಯುವ ಯಂತ್ರ ಚಾಸಿ ಡೈನಮೋಮೀಟರ್. ಗ್ಯಾರೇಜಿನ ಮಾತಿನಲ್ಲಿ ಬರೀ ಡೈನೋ. ನಿಂತಲ್ಲಿಂದ ಹೊರಟು 402 ಮೀಟರ್ ನೇರ ಓಡುವ ಪಂದ್ಯದ ಡ್ರ್ಯಾಗ್ ಕಾರನ್ನು ಇದರ ಮೇಲೆ ಟ್ಯೂನ್ ಮಾಡುವುದು ಹೇಗೆ ಎಂಬುದೇ ಇಲ್ಲಿನ ಮಾತು. ಮಂಡ್ಯದ ಪಿಇಎಸ್‌ನಲ್ಲೋ ಮೈಸೂರಿನ ಎನ್‌ಐಇಯಲ್ಲೋ ಮೆಕ್ಯಾನಿಕಲ್ ಓದಿದವರಿಗೆ ಐ.ಸಿ. ಎಂಜಿನ್ ಲ್ಯಾಬ್‌ನ ಪಾಠ ನೆನಪಿರಬಹುದು: ಡ್ರಮ್ಮಿಗೆ ಹಗ್ಗ ಸುತ್ತಿ, ತೂಕ ಹಾಕಿ, ಸ್ಪ್ರಿಂಗ್ ತಕ್ಕಡಿ ನೋಡಿ ಬ್ರೇಕ್ ಪವರ್ ಲೆಕ್ಕ ಹಾಕುವುದು. ತತ್ವ ಅದೇ. ಅಲ್ಲಿ ಬೆಂಚಿನ ಮೇಲೆ ಎಂಜಿನ್ ಒಂದೇ ಇರುತ್ತದೆ. ಇಲ್ಲಿ ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್, ಟೈರ್ ಎಲ್ಲವೂ ತಮ್ಮ ಪಾಲು ತಿಂದ ಮೇಲೆ ಉಳಿದದ್ದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಆಲೆಮನೆಯ ಗಾಣಕ್ಕೆ ಕಬ್ಬು ಕೊಡದಿದ್ದರೆ ಎಂಜಿನ್ ಹಾಯಾಗಿ ಓಡುತ್ತದೆ. ನಾಲ್ಕು ಜಲ್ಲೆ ಒಟ್ಟಿಗೆ ನುಗ್ಗಿಸಿದಾಗಲೇ ಅದರ ದಮ್ಮು ಗೊತ್ತಾಗುವುದು. ಡೈನೋ ಕೊಡುವುದೂ ಈ ಹೊರೆಯನ್ನೇ. ಅದನ್ನು ಕೊಡುವ ಬಗೆ ಎರಡು. ಇನರ್ಷಿಯಾ ಡೈನೋದಲ್ಲಿ ತೂಕ ಗೊತ್ತಿರುವ ಭಾರಿ ರೋಲರ್ ಇರುತ್ತದೆ. ಅದು ಎಷ್ಟು ಬೇಗ ವೇಗ ಹಿಡಿಯಿತು ಎಂಬುದರಿಂದ ಪವರ್ ಲೆಕ್ಕ ಸಿಗುತ್ತದೆ. ಬ್ರೇಕ್ ಇರುವ ಡೈನೋದಲ್ಲಿ ರೋಲರಿಗೆ ಎಡ್ಡಿ ಕರೆಂಟ್ ಬ್ರೇಕ್ ಕೂಡಿಸಿರುತ್ತಾರೆ. ಆಕ್ಸಿಲರೇಟರ್ ಎಷ್ಟೇ ತುಳಿದರೂ 3,500 ಆರ್‌ಪಿಎಂ ಎಂದರೆ 3,500ರಲ್ಲೇ ಅದು ಹಿಡಿದು ನಿಲ್ಲಿಸಬಲ್ಲದು. ಮುಂಚೆ ಮತ್ತು ನಂತರದ ಹೋಲಿಕೆಗೆ ಮೊದಲನೆಯದೇ ಸಾಕು. ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಇಸಿಯು. ಯಾವ ಆರ್‌ಪಿಎಂ, ಯಾವ ಹೊರೆಗೆ ಎಷ್ಟು ಇಂಧನ, ಯಾವಾಗ ಕಿಡಿ ಎಂಬ ಅದರ ಕೋಷ್ಟಕವೇ ಮ್ಯಾಪ್. ಆ ಮ್ಯಾಪನ್ನು ಮನೆಮನೆಯಾಗಿ ತುಂಬಬೇಕಿದ್ದರೆ ಎರಡನೆಯದೇ ಬೇಕು.

ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿ ತೆಗೆದುಕೊಂಡು, ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್. ಇನರ್ಷಿಯಾ ಡೈನೋಗೆ ಪವರ್ ಸಿಗುವುದು ರೋಲರಿನಿಂದ. ಎಂಜಿನ್ ಆರ್‌ಪಿಎಂ ಬೇರೆ ಸಿಗ್ನಲ್‌ನಿಂದ ಬರುತ್ತದೆ. ಇಗ್ನಿಷನ್ ವೈರಿಗೆ ಸಿಕ್ಕಿಸಿದ ಕ್ಲಿಪ್ ತಪ್ಪು ಆರ್‌ಪಿಎಂ ಕೊಟ್ಟರೆ ಪವರ್ ಸರಿಯಿದ್ದು ಟಾರ್ಕ್ ಮಾತ್ರ ಸುಳ್ಳಾಗುತ್ತದೆ. ಹಾಳೆಯಲ್ಲಿ ಟಾರ್ಕ್ ವಿಪರೀತ ಕಂಡರೆ ಖುಷಿಪಡುವ ಮೊದಲು ಆ ಕ್ಲಿಪ್ ನೋಡಿ.

ಕಾರನ್ನು ಹತ್ತಿಸುವ ಮೊದಲಿನ ಕೆಲಸದಲ್ಲಿ ಅವಸರ ಬೇಡ. ಟ್ರ್ಯಾಕಿಗೆಂದು ಗಾಳಿ ಇಳಿಸಿದ ಸ್ಲಿಕ್ ಟೈರ್ ರೋಲರ್ ಮೇಲೆ ಹಿಸುಕಿಕೊಂಡು ಬಿಸಿಯಾಗುತ್ತದೆ, ಶಕ್ತಿಯನ್ನೂ ನುಂಗುತ್ತದೆ. ಮಾಮೂಲಿ ರಸ್ತೆ ಟೈರ್ ಹಾಕಿ, 32ರಿಂದ 35 ಪಿಎಸ್‌ಐ ನಡುವೆ ಒಂದು ಒತ್ತಡ ಗೊತ್ತು ಮಾಡಿಕೊಂಡು ಪ್ರತಿ ಸಲ ಅಷ್ಟೇ ಇಡಿ. ಟ್ರೆಡ್‌ನಲ್ಲಿ ಸಿಕ್ಕಿದ ಜಲ್ಲಿಕಲ್ಲನ್ನು ಒಂದೊಂದಾಗಿ ಕೀಳಿ, 150 ಕಿ.ಮೀ. ವೇಗದಲ್ಲಿ ಅದು ಗುಂಡಿನಂತೆ ಹಾರುತ್ತದೆ. ಟೈರಿನ ನೇರಕ್ಕೆ ಯಾರೂ ನಿಲ್ಲಬಾರದು ಎನ್ನುವುದು ಇದಕ್ಕೇ. ಮುಂದಿನ ಚಕ್ರಕ್ಕೆ ಪವರ್ ಇರುವ ಕಾರು ರೋಲರ್ ಮೇಲೆ ಅಕ್ಕಪಕ್ಕ ಜಗ್ಗುವುದರಿಂದ ಮುಂದಿನ ರ‍್ಯಾಚೆಟ್ ಬೆಲ್ಟುಗಳನ್ನು ಅಡ್ಡಡ್ಡ ಕಟ್ಟಬೇಕು, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಕೊಡಬೇಕು. ಬೆಲ್ಟ್ ಅತಿಯಾಗಿ ಬಿಗಿದರೆ ಟೈರ್ ರೋಲರಿಗೆ ಒತ್ತಿಕೊಂಡು ಅಂಕಿ ಇಳಿಯುತ್ತದೆ, ಸಡಿಲ ಬಿಟ್ಟರೆ ಟೈರ್ ಜಾರುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಆಗಿರಲಿ. ಹಿಂದಿನ ಚಕ್ರ ನಿಂತೇ ಇರುವುದನ್ನು ಕಂಡ ಇಸಿಯು, ಮುಂದಿನದು ಜಾರುತ್ತಿದೆ ಎಂದುಕೊಂಡು ಪವರ್ ಕಡಿದುಬಿಡುತ್ತದೆ. ಓಡಿಸುವ ಗೇರ್ 1:1ಕ್ಕೆ ಹತ್ತಿರದ್ದು, ಐದು ಗೇರಿನ ಬಹುತೇಕ ಕಾರುಗಳಲ್ಲಿ ನಾಲ್ಕನೆಯದು. ಬಾಗಿಲು ಮುಚ್ಚಿದ ಶೆಡ್ಡಾದರೆ ಹೊಗೆಯನ್ನು ಹೊರಗೆಳೆಯುವ ವ್ಯವಸ್ಥೆ ಇಲ್ಲದೆ ಎಂಜಿನ್ ಶುರುಮಾಡಲೇಬೇಡಿ.

ಟ್ಯೂನಿಂಗ್ ಇಂಧನದಿಂದ ಶುರುವಾಗುತ್ತದೆ. ಆಮೇಲೆ ಕಿಡಿ ಯಾವಾಗ ಹಾರಬೇಕೆಂಬ ಇಗ್ನಿಷನ್ ಟೈಮಿಂಗ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಕೊನೆಗೆ ಆ ಒತ್ತಡ, ಅಂದರೆ ಬೂಸ್ಟ್. ಈ ಸರದಿ ತಪ್ಪಿಸಿದವರ ಪಿಸ್ಟನ್ನಿಗೆ ಉಳಿಗಾಲ ಕಡಿಮೆ.

ಇಂಧನ ಹೆಚ್ಚೋ ಕಡಿಮೆಯೋ ಎಂದು ಹೊಗೆಯ ಆಮ್ಲಜನಕದಿಂದ ತಿಳಿಯಲು ಸೈಲೆನ್ಸರಿನ ಬಾಯಿಗೆ ತೂರಿಸುವ ಮೀಟರ್ ಸಾಲದು. ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲೇ ಪೈಪಿಗೆ ಬುಷ್ ವೆಲ್ಡ್ ಮಾಡಿಸಿ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿ. ಟರ್ಬೊ ಕಾರಾದರೆ ಟರ್ಬೊ ಬಾಯಿಯಿಂದ ಅರ್ಧ ಮೀಟರ್ ದೂರವಿರಲಿ, ಇಲ್ಲದಿದ್ದರೆ ಸೆನ್ಸರ್ ಸುಡುತ್ತದೆ. ಅದು ತೋರಿಸುವ ಲ್ಯಾಂಬ್ಡಾ 1 ಎಂದರೆ ಇಂಧನ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ. 1ಕ್ಕಿಂತ ಕೆಳಗಿದ್ದರೆ ಇಂಧನ ಹೆಚ್ಚು, ಮೇಲೆ ಹೋದಷ್ಟೂ ಇಂಧನ ಕಡಿಮೆ, ಅಂದರೆ ಲೀನ್. ಟರ್ಬೊ ಇಲ್ಲದ ಎಂಜಿನ್ನಿಗೆ ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.86ರಿಂದ 0.88, ಟರ್ಬೊ ಎಂಜಿನ್ನಿಗೆ 0.78ರಿಂದ 0.82 ಇಟ್ಟುಕೊಂಡು ಹೊರಡುವುದು ಕ್ಷೇಮ. ಹಳಬರ ರೂಢಿಯಂತೆ 12.5, 13 ಎಂದು ಗಾಳಿ–ಇಂಧನ ಅನುಪಾತದಲ್ಲಿ ಮಾತಾಡುವುದನ್ನು ಬಿಟ್ಟು ಲ್ಯಾಂಬ್ಡಾದಲ್ಲೇ ಓದಿ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಈಗ ಬಂಕಿನಲ್ಲಿ ಸಿಗುವ ಶೇ 20 ಎಥನಾಲ್ ಬೆರಕೆಗೆ ಸುಮಾರು 13.5 ಸಾಕು. ಎಥನಾಲ್ ಇಲ್ಲದ ಪೆಟ್ರೋಲಿಗೆ 0.85 ಎಂದು ಕೂಡಿಸಿದ ಮ್ಯಾಪಿಗೆ ಈ ಬೆರಕೆ ಸುರಿದರೆ ಲ್ಯಾಂಬ್ಡಾ ಸದ್ದಿಲ್ಲದೆ 0.91ರ ಆಚೆ ಜಾರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ತನ್ನಷ್ಟಕ್ಕೆ ತಿದ್ದಿಕೊಳ್ಳದ ಇಸಿಯುಗೆ ಇದು ಗೊತ್ತೂ ಆಗುವುದಿಲ್ಲ. ಕಬ್ಬಿನ ಸೀಮೆಯವರು ಎಥನಾಲನ್ನು ಬೈಯಬೇಕಿಲ್ಲ. ಅದು ಸಿಲಿಂಡರ್ ತಣ್ಣಗಿಡುತ್ತದೆ, ನಾಕಿಂಗ್, ಅಂದರೆ ಇಂಧನ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದನ್ನು, ತಡೆಯುತ್ತದೆ. ಯಾವ ಇಂಧನಕ್ಕೆ ಟ್ಯೂನ್ ಮಾಡಿಸಿದಿರೋ ರೇಸಿನ ದಿನವೂ ಅದೇ ಟ್ಯಾಂಕಿನಲ್ಲಿರಬೇಕು, ಅಷ್ಟೆ.

ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸಾಲುತ್ತದೆಯೇ ಎಂಬುದನ್ನು ಕಾಗದದ ಮೇಲೇ ನೋಡಬಹುದು. 7,000 ಆರ್‌ಪಿಎಂನಲ್ಲಿ ಒಂದು ಪೂರ್ಣ ಸುತ್ತಿಗೆ, ಅಂದರೆ ಕ್ರ್ಯಾಂಕ್ ಎರಡು ಸಲ ತಿರುಗಲು, 17.1 ಮಿಲಿಸೆಕೆಂಡ್. ಅದರ ಶೇ 85 ಎಂದರೆ 14.5. ಇಂಜೆಕ್ಟರ್ ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರಬೇಕಾಗಿ ಬಂದರೆ ದೊಡ್ಡದು ಹಾಕಿಸುವುದೇ ದಾರಿ. ಇಂಜೆಕ್ಟರಿಗೆ ಪೆಟ್ರೋಲ್ ತಂದುಕೊಡುವ ಕೊಳವೆಯ, ಅಂದರೆ ರೈಲಿನ, ಒತ್ತಡವನ್ನೂ ಲಾಗ್ ಮಾಡಿ (ದಾಖಲಿಸಿಕೊಳ್ಳಿ). ತಳಹದಿ 3 ಬಾರ್, ಬೂಸ್ಟ್ 1.2 ಬಾರ್ ಇದ್ದರೆ ರೈಲಿನಲ್ಲಿ 4.2 ಬಾರ್ ಇರಬೇಕು. ಬೂಸ್ಟ್ ಏರಿದಂತೆ ಅದು ಕೆಳಗಿಳಿದರೆ ಪಂಪ್ ಸೋತಿದೆ ಎಂದರ್ಥ. ಮ್ಯಾಪಿನಲ್ಲಿ ಎಷ್ಟು ಪೆಟ್ರೋಲ್ ಸೇರಿಸಿದರೂ ವ್ಯರ್ಥ.

ಇಂಧನ ಕೂತ ಮೇಲೆ ಟೈಮಿಂಗ್. ಟರ್ಬೊ ಇಲ್ಲದಿದ್ದರೆ ಎರಡೆರಡು ಡಿಗ್ರಿ, ಇದ್ದರೆ ಒಂದೊಂದೇ ಡಿಗ್ರಿ ಮುಂದಕ್ಕೆ ತಳ್ಳುತ್ತಾ (ಕಿಡಿ ಬೇಗ ಹಾರುವಂತೆ) ಪ್ರತಿ ಸಲ ಒಂದು ಪುಲ್, ಅಂದರೆ ರೋಲರ್ ಮೇಲೆ ಆಕ್ಸಿಲರೇಟರ್ ಪೂರ್ತಿ ತುಳಿದ ಒಂದು ಓಟ. ಟಾರ್ಕ್ ಏರುತ್ತಿರುವ ತನಕ ಮುಂದುವರಿಸಿ. ತಳ್ಳಿದರೂ ಏರದಿದ್ದರೆ ಕೊನೆಯ ಹೆಜ್ಜೆಯನ್ನು ವಾಪಸ್ ತೆಗೆಯಿರಿ. ಏರದ ಟಾರ್ಕಿಗಾಗಿ ಇಟ್ಟ ಆ ಎರಡು ಡಿಗ್ರಿಯಿಂದ ಸಿಗುವುದು ಸಿಲಿಂಡರಿನ ಒತ್ತಡ ಮಾತ್ರ. ಬಿಗಿ ಕಂಪ್ರೆಷನ್ ಇದ್ದು ಸಾಧಾರಣ ಪೆಟ್ರೋಲ್ ಹಾಕಿದ್ದರೆ ಆ ಮಟ್ಟ ತಲುಪುವ ಮೊದಲೇ ನಾಕಿಂಗ್ ಶುರುವಾಗಬಹುದು. ಆಗ ನಾಕಿಂಗ್ ಬಂದ ಜಾಗದಿಂದ ಎರಡು ಮೂರು ಡಿಗ್ರಿ ಹಿಂದೆ ನಿಲ್ಲಿ. ರೋಲರಿನ ಗದ್ದಲದಲ್ಲಿ ಬರಿಗಿವಿಗೆ ನಾಕಿಂಗ್ ಕೇಳುವುದಿಲ್ಲ, ಬ್ಲಾಕಿಗೆ ಸೆನ್ಸರ್ ಕಚ್ಚಿಸಿ ಹೆಡ್‌ಫೋನ್‌ನಲ್ಲಿ ಕೇಳಬೇಕು. ಜಾವಾ, ಯೆಜ್ಡಿ ಕಾಲದಿಂದ ಪ್ಲಗ್ ಬಣ್ಣ ನೋಡಿ ಬೆಳೆದ ಊರು ಮೈಸೂರು. ಈಗಿನ ಇಂಧನದಲ್ಲಿ ಬಣ್ಣ ಹೇಳುವುದು ಕಡಿಮೆಯಾದರೂ ಬಿರುಸಾದ ಪುಲ್ ಆದ ಮೇಲೆ ಪ್ಲಗ್ ಬಿಚ್ಚಿ ನೋಡುವ ಅಭ್ಯಾಸ ಬಿಡಬೇಡಿ. ಬಿಳಿ ಪಿಂಗಾಣಿಯ ಮೇಲೆ ಕರಿ ಚುಕ್ಕೆಯೋ ಅಲ್ಯೂಮಿನಿಯಂ ಮಿನುಗೋ ಕಂಡರೆ ಆವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿ.

ಬಹಳ ಮಂದಿಯನ್ನು ದಾರಿ ತಪ್ಪಿಸುವ ದೋಷವೊಂದಿದೆ. ಬೂಸ್ಟ್ ಏರಿದಾಗ ಲ್ಯಾಂಬ್ಡಾ ಗೆರೆಯಲ್ಲಿ ಚೂಪಾದ ಲೀನ್ ಮುಳ್ಳುಗಳು ಏಳುತ್ತವೆ. ಪೆಟ್ರೋಲ್ ಸಾಲದು ಎಂದು ಸೇರಿಸಿದಷ್ಟೂ ಮುಳ್ಳು ಹೆಚ್ಚುತ್ತದೆ. ಅಲ್ಲಿ ಆಗಿರುವುದು ಕಿಡಿ ಆರಿ ಮಿಸ್‌ಫೈರ್. ಉರಿಯದ ಆಮ್ಲಜನಕ ಹಾಗೇ ಹೊರಬಂದು ಸೆನ್ಸರಿಗೆ ಲೀನ್ ಎಂಬ ಭ್ರಮೆ ಹುಟ್ಟಿಸುತ್ತದೆ. 1.1 ಮಿ.ಮೀ. ಇದ್ದ ಪ್ಲಗ್ ಗ್ಯಾಪನ್ನು 0.7ಕ್ಕೆ ಇಳಿಸಿದರೆ ಎಷ್ಟೋ ಸಲ ಅದು ಅಲ್ಲೇ ಮುಗಿಯುತ್ತದೆ. ಹಾಗೆಯೇ, ಆರ್‌ಪಿಎಂ ಏರುತ್ತಿದೆ, ರೋಲರ್ ವೇಗ ಅದಕ್ಕೆ ತಕ್ಕಂತೆ ಏರುತ್ತಿಲ್ಲ ಎಂದರೆ ಕ್ಲಚ್ಚೋ ಟೈರೋ ಜಾರುತ್ತಿದೆ. ಎರಡರ ಅನುಪಾತವನ್ನೇ ಒಂದು ಗೆರೆಯಾಗಿ ಹಾಕಿಸಿಕೊಳ್ಳಿ, ಅದು ಮಟ್ಟಸವಾಗಿರಬೇಕು. ಗ್ರಾಫ್ ನುಣುಪಾಗಿಸುವ ಸ್ಮೂದಿಂಗ್ ಕೂಡ ಮೋಸವೇ. ಫೋಟೊ ಹಾಕಲು 5 ಇರಲಿ, ದೋಷ ಹುಡುಕಲು 0.

ಇನ್ನು ಅಂಕಿಯ ಮಾತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ತಗ್ಗು. ಇಲ್ಲಿನ ಗಾಳಿಯ ಒತ್ತಡ ಸುಮಾರು 925 ಹೆಕ್ಟೋಪಾಸ್ಕಲ್. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ 1,010 ಸಮುದ್ರಮಟ್ಟಕ್ಕೆ ತಿದ್ದಿದ ಅಂಕಿ, ಅದನ್ನು ಡೈನೋಗೆ ಕೊಡಬಾರದು. ಬೇರೆ ಬೇರೆ ಹವೆಯ ಅಂಕಿಗಳನ್ನು ಹೋಲಿಸಲು ಡೈನೋ ಪವರನ್ನು ಒಂದು ಗೊತ್ತಾದ ಹವೆಗೆ ತಿದ್ದುತ್ತದೆ. ಎಸ್‌ಎಇ ಲೆಕ್ಕ 25 ಡಿಗ್ರಿ ಸೆಲ್ಸಿಯಸ್, 990 ಹೆಕ್ಟೋಪಾಸ್ಕಲ್ ಒಣಗಾಳಿಯನ್ನು ಆಧಾರವಾಗಿ ಇಟ್ಟುಕೊಂಡಿದೆ. 28 ಡಿಗ್ರಿಯ ಸಾಧಾರಣ ತೇವದ ದಿನ ಇಲ್ಲಿ ತಿದ್ದುಪಡಿ ಗುಣಕ ಸುಮಾರು 1.12 ಬರುತ್ತದೆ. ಚಕ್ರದಲ್ಲಿ ನಿಜಕ್ಕೂ ಸಿಕ್ಕಿದ್ದು 150 ಎಚ್‌ಪಿ, ಹಾಳೆಯಲ್ಲಿ ಅಚ್ಚಾಗುವುದು 168. ಎಸ್‌ಟಿಡಿ ಎಂಬ ಇನ್ನೊಂದು ಲೆಕ್ಕ ಆರಿಸಿದರೆ ಇನ್ನೂ ಶೇ 4ರಷ್ಟು ಉಬ್ಬಿ 175ರ ಹತ್ತಿರ. ಅದೇ ಕಾರು, ಅದೇ ಪುಲ್. ಟರ್ಬೊ ಕಾರಿಗಂತೂ ಪೂರ್ತಿ ತಿದ್ದುಪಡಿ ಸಲ್ಲದು. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಕೊರತೆಯನ್ನು ಬಹಳಮಟ್ಟಿಗೆ ತಾನೇ ತುಂಬಿಕೊಂಡಿರುತ್ತದೆ, ಅದರ ಮೇಲೆ ಮತ್ತೆ ಶೇ 12 ಸೇರಿಸುವುದು ಬಿಟ್ಟಿ ಎಚ್‌ಪಿ. ಹಾಳೆ ಕೈಗೆ ಬಂದಾಗ ತಿದ್ದದ ಅಂಕಿಯನ್ನೂ ಕೇಳಿ ಬರೆಸಿಕೊಳ್ಳಿ. ಚಕ್ರದ ಅಂಕಿಯನ್ನು 1.15ರಿಂದ ಗುಣಿಸಿ ಎಂಜಿನ್ ಪವರ್ ಹೇಳುವುದು ಜಂಬಕ್ಕೆ ಸರಿ, ಟ್ಯೂನಿಂಗಿಗೆ ಬೇಡ.

ಡ್ರ್ಯಾಗ್ ಕಾರಿಗೆ ಗ್ರಾಫಿನ ತುದಿ ಅಷ್ಟು ಮುಖ್ಯವಲ್ಲ. ಎರಡನೇ ಗೇರ್ 1.90, ಮೂರನೆಯದು 1.25 ಎಂದುಕೊಳ್ಳಿ. 7,000ದಲ್ಲಿ ಗೇರ್ ಬದಲಿಸಿದರೆ ಎಂಜಿನ್ 4,600ಕ್ಕೆ ಬೀಳುತ್ತದೆ. ಹಾಗಾಗಿ 4,600ರಿಂದ 7,000ದವರೆಗಿನ ಗೆರೆ ತುಂಬಿಕೊಂಡಿರಬೇಕು. 3,000ದಲ್ಲಿ ಏನಾಗುತ್ತದೆ ಎಂಬುದು ರಸ್ತೆ ಕಾರಿನ ಚಿಂತೆ. ಗೇರ್ ಬದಲಿಸುವ ಜಾಗವೂ ಇದೇ ಹಾಳೆಯಲ್ಲಿದೆ. 7,000ದಲ್ಲಿ ಟಾರ್ಕ್ 150 ಎನ್‌ಎಂ ಇದ್ದರೆ ಎರಡನೇ ಗೇರಿನಲ್ಲಿ 150 × 1.90 = 285. ಮೂರಕ್ಕೆ ಹಾಕಿದರೆ 4,600ರಲ್ಲಿ 190 × 1.25 = 237. ಇನ್ನೂ ಎರಡರಲ್ಲೇ ಎಳೆಯುವುದು ಲಾಭ. 7,500ರಲ್ಲಿ ಟಾರ್ಕ್ 120ಕ್ಕೆ ಕುಸಿದಿದ್ದರೆ 228. ಮೂರನೆಯದರ 237 ಮೇಲಾಯಿತು. ಅಲ್ಲಿಗೆ ಬದಲಿಸುವ ಜಾಗ 7,400ರ ಆಸುಪಾಸು, ಎಂಜಿನ್ನಿನ ಒಳಭಾಗಗಳು ಅಷ್ಟು ತಾಳುವಂತಿದ್ದರೆ.

ಡೈನೋ ಹೇಳದ ಸಂಗತಿಗಳೂ ಇವೆ. ಕ್ಲಚ್ ಬಿಟ್ಟ ಕ್ಷಣ ಟೈರ್ ಹಿಡಿಯುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮುಂದೆ ಇಟ್ಟ ಫ್ಯಾನ್ 160 ಕಿ.ಮೀ. ವೇಗದ ಗಾಳಿ ಕೊಡಲಾರದು. ಮೂರನೇ ಪುಲ್ಲಿಗೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಸಿ ನೆನೆದು ಪವರ್ ಇಳಿಯುವುದು ಹೀಗೆ. ಕೂಲೆಂಟ್ 85ರಿಂದ 90 ಡಿಗ್ರಿ, ಒಳಗೆ ಎಳೆಯುವ ಗಾಳಿಯ ತಾಪ ಹಿಂದಿನ ಪುಲ್ಲಿನಷ್ಟೇ ಎಂದಾದ ಮೇಲೆ ಹೊರಡಿ. ನಾಲ್ಕನೇ ಗೇರಿನ ನಿಧಾನದ ಪುಲ್ಲಿನಲ್ಲಿ ಕಂಡ ಬೂಸ್ಟ್ ಮೊದಲ ಗೇರಿನಲ್ಲಿ ಸಿಗುವುದಿಲ್ಲ, ಅಲ್ಲಿ ಟರ್ಬೊಗೆ ಅಷ್ಟು ಹೊತ್ತೇ ಇರುವುದಿಲ್ಲ. ಇದನ್ನೆಲ್ಲ ನೋಡಲು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹೋಗುವ ಯೋಚನೆ ಬೇಡ. ಅಲ್ಲಿನ ಮಿತಿ 100 ಕಿ.ಮೀ., ಮೂರನೇ ಗೇರಿನಲ್ಲೇ ಅದು ದಾಟುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯಕ್ಕೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಇದೆ.

ಮೈಸೂರಿನಲ್ಲಿ ಟ್ಯೂನ್ ಮಾಡಿ ಚೆನ್ನೈ ಕಡೆಯ ಟ್ರ್ಯಾಕಿಗೆ ಕಾರು ಒಯ್ಯುವವರು ಒಂದು ವಿಷಯ ಗಮನಿಸಬೇಕು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಎಷ್ಟೇ ತುಳಿದರೂ ಎಂಜಿನ್ ಎಳೆದುಕೊಳ್ಳುವ ಗಾಳಿಯ (ಮ್ಯಾನಿಫೋಲ್ಡ್) ಒತ್ತಡ 92 ಕಿಲೋಪಾಸ್ಕಲ್ ದಾಟುವುದಿಲ್ಲ. ಅಂದರೆ ಮ್ಯಾಪಿನಲ್ಲಿ 100 ಕಿಲೋಪಾಸ್ಕಲ್ ಒತ್ತಡದ ಸಾಲಿಗೆ ನಮ್ಮ ಡೈನೋದಲ್ಲಿ ಕಾಲಿಟ್ಟವರೇ ಇಲ್ಲ. ಬೆಂಗಳೂರಿನ ಡೈನೋ ಇನ್ನೂ ಎತ್ತರದಲ್ಲಿರುವುದರಿಂದ ಅಲ್ಲೂ ಅದು ಸಿಗದು. ಸಮುದ್ರದ ಮಟ್ಟದಲ್ಲಿ ಎಂಜಿನ್ ಮೊದಲ ಸಲ ಆ ಸಾಲಿಗೆ ನುಗ್ಗುತ್ತದೆ, ಗಾಳಿಯೂ ಶೇ 9ರಷ್ಟು ಹೆಚ್ಚು. ಥ್ರಾಟಲ್ ಕೋನ ಮಾತ್ರ ನೋಡಿ ಪೆಟ್ರೋಲ್ ಕೊಡುವ ಮ್ಯಾಪಾಗಿದ್ದು ವಾತಾವರಣದ ಒತ್ತಡದ ತಿದ್ದುಪಡಿ ಹಾಕಿರದಿದ್ದರೆ ಎಂಜಿನ್ ಅಷ್ಟೇ ಪ್ರಮಾಣ ಲೀನ್ ಆಗುತ್ತದೆ. 0.87 ಇದ್ದದ್ದು 0.95. ಕಾರ್ಬ್ಯುರೇಟರ್ ಆದರೂ ಮೇನ್ ಜೆಟ್ ಬದಲಿಸುವ ಕೆಲಸ ಬೀಳುತ್ತದೆ. ಹೊರಡುವ ಮೊದಲು 90ರ ಸಾಲಿನ ಏರಿಕೆಯನ್ನೇ ಮುಂದುವರಿಸಿ 100ರ ಸಾಲು ತುಂಬಿ, ಇಂಧನ ಶೇ 3ರಷ್ಟು ಹೆಚ್ಚಿಡಿ, ಟೈಮಿಂಗ್ 2 ಡಿಗ್ರಿ ಹಿಂದಿಡಿ. ಟ್ರ್ಯಾಕಿನಲ್ಲಿ ಮೊದಲ ಓಟ ಅರ್ಧ ದೂರಕ್ಕೆ ನಿಲ್ಲಿಸಿ ಲಾಗ್ ತೆರೆದು ಲ್ಯಾಂಬ್ಡಾ, ನಾಕಿಂಗ್, ರೈಲ್ ಒತ್ತಡ ನೋಡಿ. ಸರಿಯಿದ್ದರೆ ಟೈಮಿಂಗನ್ನು ಒಂದೊಂದೇ ಡಿಗ್ರಿ ವಾಪಸ್ ಕೊಡಿ. ಪವರ್ ಬಂತೋ ಎಂಬುದನ್ನು 402 ಮೀಟರಿನ ಕೊನೆಯ ವೇಗ ಹೇಳುತ್ತದೆ. ಚಾಲಕನೂ ಸೇರಿ 1,000 ಕಿಲೋ ಇರುವ ಕಾರು 169 ಕಿ.ಮೀ. ವೇಗದಲ್ಲಿ ಗೆರೆ ದಾಟಿದರೆ ಅಂದಾಜು 200 ಎಚ್‌ಪಿ ಇದೆ. ವೇಗ ಸರಿಯಿದ್ದು ಸಮಯ ಮಾತ್ರ ಹೆಚ್ಚಾಗಿದ್ದರೆ ಮ್ಯಾಪ್ ಮುಟ್ಟಬೇಡಿ. ಟೈರಿನ ಗಾಳಿ ಮತ್ತು ಹೊರಡುವ ಆರ್‌ಪಿಎಂ ತಿದ್ದಿ.