ಲೆಕ್ಕ ತೋರಿಸದ ದುಡಿಮೆ ಲೆಕ್ಕಕ್ಕಿಲ್ಲ

ಅಮೆರಿಕದಲ್ಲಿ ಸ್ವಂತವಾಗಿ ಮನೆಗಳಿಗೆ ಪೇಂಟ್ ಹೊಡೆಯುವ ಒಬ್ಬನನ್ನು ನೆನೆಸಿಕೊಳ್ಳಿ. ವಯಸ್ಸು 45. ಏಣಿಯಿಂದ ಬಿದ್ದು ಬೆನ್ನು ಕೈಕೊಟ್ಟಿದೆ. ಸೋಶಿಯಲ್ ಸೆಕ್ಯುರಿಟಿ (ತೆರಿಗೆ ಕಟ್ಟಿದವರಿಗೆ ಪಿಂಚಣಿ ಕೊಡುವ ಸರ್ಕಾರಿ ಯೋಜನೆ) ಕಚೇರಿಗೆ ಅಂಗವೈಕಲ್ಯದ ಪಿಂಚಣಿ ಕೇಳಿ ಅರ್ಜಿ ಹಾಕಿದರೆ ಅಲ್ಲಿ ಮೊದಲು ನೋಡುವುದು ಎಕ್ಸ್‌ರೇ ಅಲ್ಲ, ಅವನು ತೆರಿಗೆ ಕಟ್ಟಿದ ದಾಖಲೆ.

1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಈ ಯೋಜನೆಯ ಕಾನೂನಿನಲ್ಲಿ ಇಂಥವನಿಗೆ ಜಾಗವೇ ಇರಲಿಲ್ಲ. ಅಂಗವೈಕಲ್ಯಕ್ಕೆ ಪಿಂಚಣಿಯೂ ಇಲ್ಲ, ಸ್ವಂತ ಕಸುಬಿನವರೂ ಇಲ್ಲ. ಸಂಬಳದವರ ಪಾಲಿನ ಈ ತೆರಿಗೆಯನ್ನು ಮಾಲೀಕನೇ ಹಿಡಿದು ಕಟ್ಟುತ್ತಾನೆ. ತನಗೆ ತಾನೇ ಮಾಲೀಕನಾದವನ ಹತ್ತಿರ ವಸೂಲಿ ಹೇಗೆ? 1951ರಿಂದ ಸ್ವಂತ ಕಸುಬಿನವರನ್ನೂ ಸೇರಿಸಿಕೊಂಡು, ಈ ವಸೂಲಿಯನ್ನು ವರ್ಷದ ಆದಾಯ ತೆರಿಗೆ ರಿಟರ್ನ್‌ಗೇ ಸೇರಿಸಿದರು. ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ತೆರಿಗೆ. ತಮಾಷೆ ಅಂದರೆ ಆ 400 ಇವತ್ತಿಗೂ 400 ಆಗಿಯೇ ಇದೆ! ದರ ಮಾತ್ರ ಶೇ 2.25ರಿಂದ, ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಸೇರಿ, ಶೇ 15.3ಕ್ಕೆ ಏರಿದೆ. ಮಾಲೀಕನ ಪಾಲು, ಕೆಲಸಗಾರನ ಪಾಲು ಎರಡೂ ಒಬ್ಬನ ಜೇಬಿನಿಂದಲೇ ಹೋಗಬೇಕಲ್ವಾ?

ಅಂಗವೈಕಲ್ಯದ ಪಿಂಚಣಿ ಬಂದದ್ದು 1956ರಲ್ಲಿ. ವೈದ್ಯರ ಸಂಘ ಜೋರಾಗಿ ವಿರೋಧಿಸಿತ್ತು. ಸೆನೆಟ್‌ನಲ್ಲಿ 47-45ರಲ್ಲಿ ಹೇಗೋ ಪಾಸಾಯಿತು. ಅದೂ 50 ದಾಟಿದವರಿಗೆ ಮಾತ್ರ; ಆ ವಯಸ್ಸಿನ ಮಿತಿ 1960ರಲ್ಲಿ ಹೋಯಿತು. ಆದರೆ ‘ಇತ್ತೀಚೆಗೆ ದುಡಿದಿರಬೇಕು’ ಎಂಬ ಷರತ್ತು ಉಳಿದುಕೊಂಡಿತು. ಪೇಂಟರ್ ವಯಸ್ಸಿನವರಿಗೆ ಕೊನೆಯ 10 ವರ್ಷದಲ್ಲಿ 20 ಕ್ರೆಡಿಟ್ (ತೋರಿಸಿದ ಗಳಿಕೆಗೆ ಸಿಗುವ ಅಂಕ) ಬೇಕು. ಚಿಕ್ಕವರಿಗೆ ಕಡಿಮೆ ಸಾಕು.

2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ಗಳಿಕೆ ತೋರಿಸಬೇಕಿತ್ತು. ವರ್ಷಕ್ಕೆ 4ಕ್ಕಿಂತ ಜಾಸ್ತಿ ಸಿಗುವುದಿಲ್ಲ. ನಮ್ಮ ಪೇಂಟರ್ ಕೈಗೆ 40,000 ಬಂದಿರಬಹುದು. ನಗದು ಮುಚ್ಚಿಟ್ಟು, ಖರ್ಚು ಉಬ್ಬಿಸಿ, 2,000 ಲಾಭ ಅಂತ ಬರೆದರೆ ಸಿಗುವುದು ಒಂದೇ ಕ್ರೆಡಿಟ್. ವರ್ಷಕ್ಕೊಂದರಂತೆ 10 ವರ್ಷಕ್ಕೆ 10. ತೆರಿಗೆ ಉಳಿಯಿತು, ಪಿಂಚಣಿ ಕೈತಪ್ಪಿತು. ನನಗೆ ಇದರಲ್ಲಿ ಕಾನೂನಿನ ತಪ್ಪು ಕಾಣುವುದಿಲ್ಲ. ಆದರೆ ರಿಟರ್ನ್ ತುಂಬಿಕೊಡುವವರು ಈ ಮಾತನ್ನೂ ಒಮ್ಮೆ ಹೇಳಬೇಕಿತ್ತು.

ಬಿದ್ದ ಮೇಲೆ ಹಳೆಯ ರಿಟರ್ನ್ ಸಲ್ಲಿಸುತ್ತೇನೆ ಅಂದರೆ? ಸ್ವಂತ ಗಳಿಕೆಯನ್ನು ದಾಖಲೆಗೆ ಸೇರಿಸಲು ಆಯಾ ವರ್ಷ ಮುಗಿದ ಮೇಲೆ ಇರುವ ಗಡುವು 3 ವರ್ಷ, 3 ತಿಂಗಳು, 15 ದಿನ. ಆಮೇಲೆ ಆ ವರ್ಷದ ಗಳಿಕೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ.

ಅಲ್ಲಿ ಸ್ವಂತ ಕೆಲಸ ಶುರು ಮಾಡಿದ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಭಾರತ, ಅಮೆರಿಕಗಳ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲ. ಬೆಂಗಳೂರಿನಲ್ಲಿ 15 ವರ್ಷ ಪಿಎಫ್ ಕಟ್ಟಿ ಹೋದವರೂ ಅಲ್ಲಿ ಸೊನ್ನೆಯಿಂದಲೇ ಕ್ರೆಡಿಟ್ ಎಣಿಸಬೇಕು.